ಕೊರಳಿಗೆ ಬಿದ್ದ ಹಲಗೆ

ಶುಕ್ರವಾರ ಬೆಳಗಿನ ಜಾವದ ನಮಾಜು ಮುಗಿದು ಅರ್ಧ ಗಂಟೆಯೂ ಆಗಿರಲಿಲ್ಲ. ಹುಡುಗಿಯರಿಗೆ ಪಾಠ ಹೇಳುವ ಉಸ್ತಾಜಾ ಮುನಿಫಾ ಬಚ್ಚಲಿನಿಂದ ಹೊರಗೆ ಬಂದಳು. ದಾರಿಯಲ್ಲಿ ಯಾರೋ ಬಿಟ್ಟುಹೋಗಿದ್ದ ಬಕೆಟ್ಟಿಗೆ ಅವಳ ಬಲಗಾಲಿನ ಕಿರುಬೆರಳು ಬಡಿಯಿತು. ಅವಳು ಬಾಯಿ ಬಿಟ್ಟಳು. ಆ ದಿನದ ಅವಾಂತರಕ್ಕೆಲ್ಲ ಮೂಲ ಇಷ್ಟೇ.

"ಅಯ್ಯಯ್ಯೋ!" ಎಂದು ಕೂಗಿ ಅಷ್ಟಕ್ಕೇ ನಿಲ್ಲಿಸಿದ್ದರೆ ಬಚಾವಾಗುತ್ತಿದ್ದಳು. ನೋವಿನ ಕೂಗಿಗೆ ಯಾವ ಭಾಷೆಯೂ ಇಲ್ಲ ಎಂದು ವಾದಿಸಬಹುದಿತ್ತು. ಆದರೆ ಮುನಿಫಾ ಸಂತೆಯಲ್ಲಿ ವ್ಯಾಪಾರ ಮಾಡುವವಳ ಮಗಳು. ಅರ್ಧಕ್ಕೆ ನಿಲ್ಲಿಸಿ ಗೊತ್ತಿಲ್ಲ.

"ಯಾವ ಕತ್ತೆನೇ ಈ ಹಾಳು ಬಕೆಟ್ಟನ್ನ ನಟ್ಟನಡುವೆ ಇಟ್ಟಿದ್ದು? ಕಣ್ಣೇನು ಹಿತ್ತಲಲ್ಲಿ ಒಣಗ್ಹಾಕಿ ಬಂದಿದ್ದೀರೇನೇ?"

ಇದಂತೂ ಅಪ್ಪಟ ಜಾವಾ ಭಾಷೆ.

ಬಟ್ಟೆ ಒಣಹಾಕಿದ ಹಗ್ಗದ ಹಿಂದಿನಿಂದ ಹತ್ತನೆಯ ತರಗತಿಯ ಹಿಲ್ಮಾ ಹೊರಗೆ ಬಂದಳು. ಎರಡು ದಿನದಿಂದ ಅವಳ ಕೊರಳಲ್ಲಿ ಒಂದು ಹಲಗೆ ತೂಗುತ್ತಿತ್ತು. ಅವಳು ಅದನ್ನು ಎರಡೂ ಕೈಯಲ್ಲಿ ಎತ್ತಿ ಕೊರಳಿನಿಂದ ತೆಗೆದಳು.

"ಓ ಗೌರವಾನ್ವಿತ ಗುರುಗಳೇ," ಎಂದಳು ಅರಬ್ಬಿಯಲ್ಲಿ, "ತಾವು ಈಗ ನುಡಿದ ನುಡಿಯು ಅರಬ್ಬಿಯಾಗಿರಲಿಲ್ಲವೆಂದು ತಿಳಿಸಲು ನನಗೆ ಅತೀವ ದುಃಖವಾಗುತ್ತಿದೆ."

ದುಃಖ ಅವಳ ಮುಖದಲ್ಲಿ ಎಲ್ಲೂ ಇರಲಿಲ್ಲ.

ಹಿನ್ನೆಲೆ ಹೇಳದಿದ್ದರೆ ಮುನಿಫಾಳ ಸಂಕಟ ಯಾರಿಗೂ ಅರ್ಥವಾಗುವುದಿಲ್ಲ. ಜಾವಾ ದ್ವೀಪದ ಕೆದಿರಿ ಪೇಟೆಯ ಹೊರಗಿನ ಆ ವಸತಿ ಮದರಸಾದಲ್ಲಿ ನಾನೂರು ಹುಡುಗಿಯರಿದ್ದಾರೆ. ಅಲ್ಲಿ ಹದಿನೈದು ದಿನ ಅರಬ್ಬಿ, ಹದಿನೈದು ದಿನ ಇಂಗ್ಲಿಷು. ತರಗತಿಯಲ್ಲಿ ಮಾತ್ರವಲ್ಲ, ಊಟದ ಸಾಲಿನಲ್ಲಿ, ಬಟ್ಟೆ ಒಗೆಯುವಲ್ಲಿ, ಒಬ್ಬರ ತಲೆಯ ಹೇನು ಇನ್ನೊಬ್ಬರು ಹೆಕ್ಕುವಾಗಲೂ ಅದೇ ಭಾಷೆ. ಮನೆಯಿಂದ ತಂದ ಮಾತನ್ನು ಗೇಟಿನ ಹೊರಗೇ ಬಿಟ್ಟು ಒಳಗೆ ಬರಬೇಕು. ಮರೆತು ಆಡಿದವಳ ಕೊರಳಿಗೆ ಹಲಗೆ. ಹಲಗೆಯ ಮೇಲೆ ಹಸಿರು ಬಣ್ಣದಲ್ಲಿ, ದುಂಡಗಿನ ಅರಬ್ಬಿ ಅಕ್ಷರಗಳಲ್ಲಿ, ‘ನಾನು ಭಾಷೆಗೆ ದ್ರೋಹ ಮಾಡಿದವಳು’ ಎಂದು ಬರೆದಿದೆ. ಹಾಕಿಕೊಂಡವಳು ಅದೇ ತಪ್ಪು ಮಾಡುವ ಇನ್ನೊಬ್ಬಳನ್ನು ಹಿಡಿದು ಹಲಗೆ ದಾಟಿಸಬೇಕು; ಎಷ್ಟು ದಿನವಾದರೂ ಅಲ್ಲಿಯವರೆಗೆ ಅದು ಅವಳ ಕೊರಳಲ್ಲೇ. ದಿನಾ ಸೂರ್ಯ ಮುಳುಗುವಾಗ ಯಾರ ಕೊರಳಲ್ಲಿದೆಯೋ ಅವಳು ಎಲ್ಲರ ಮುಂದೆ ನಿಂತು ಐದು ನಿಮಿಷ ತನ್ನ ತಪ್ಪಿನ ಬಗ್ಗೆ ಮಾತಾಡಬೇಕು, ಅದೂ ಅರಬ್ಬಿಯಲ್ಲಿ.

ಈ ಪದ್ಧತಿ ಹಿಂದಿನಿಂದಲೂ ಇತ್ತು. ಅದಕ್ಕೆ ಹನ್ನೆರಡು ನಿಯಮ ಕಟ್ಟಿ, ಬೆರಳಚ್ಚು ಮಾಡಿಸಿ, ಗೋಡೆಗೆ ಅಂಟಿಸಿದವಳು ಭಾಷಾ ವಿಭಾಗದ ಮುಖ್ಯಸ್ಥೆ. ಆ ಮುಖ್ಯಸ್ಥೆಯೇ ನಮ್ಮ ಮುನಿಫಾ.

ಆ ನಿಯಮ ಕಟ್ಟುವ ಸಭೆ ನಡೆದದ್ದು ಗೇಟಿನಾಚೆ, ನ್ಯಾಯಿಯ ಮನೆಯಲ್ಲಿ. ಮದರಸಾದ ಯಜಮಾನಿಯನ್ನು ಎಲ್ಲರೂ ನ್ಯಾಯಿ ಎಂದೇ ಕರೆಯುವುದು. ಅಲ್ಲಿ ಜಾವಾ ಭಾಷೆ ಆಡಬಹುದಾದ್ದರಿಂದ ಜಗಳ ಚೆನ್ನಾಗಿಯೇ ಆಯಿತು. ಪಕ್ಕದ ತರಗತಿಯ ಉಸ್ತಾಜಾ ರೋಫಿಕಾ, "ಮಕ್ಕಳಿಗೆ ಹಾಡು ಹೇಳ್ಸೋಣ, ಚಿತ್ರ ತೋರ್ಸೋಣ, ಅಂಗಡಿ ಆಟ ಆಡ್ಸೋಣ. ಭಾಷೆ ತಾನಾಗೇ ಬರುತ್ತೆ. ಕೊರಳಿಗೆ ಹಲಗೆ ಕಟ್ಟಿದ್ರೆ ಬರೋದು ಕಣ್ಣೀರು," ಎಂದಿದ್ದಳು.

"ಹಾಡು ಹೇಳಿದ್ರೆ ಹಾಡು ಬರುತ್ತೆ, ಭಾಷೆ ಬರಲ್ಲ," ಎಂದಿದ್ದಳು ಮುನಿಫಾ. "ಬೇರೆ ದಾರಿ ಇಲ್ಲ ಅಂದಾಗ್ಲೇ ನಾಲಿಗೆ ತಿರುಗೋದು. ನಾನು ಹಂಗೇ ಕಲ್ತಿದ್ದು. ನಿಯಮ ಅಂದ್ರೆ ಎಲ್ರಿಗೂ ಒಂದೇ. ಉಸ್ತಾಜಾಗಳಿಗೂ!"

ಅದು ನಾಲ್ಕನೆಯ ನಿಯಮವಾಯಿತು. ಒಂಬತ್ತನೆಯದು ಇನ್ನೂ ಬಿಗಿ. ತಿಂಗಳಿಗೊಮ್ಮೆ ಅಪ್ಪ ಅಮ್ಮ ನೋಡಲು ಬಂದಾಗಲೂ ಮಕ್ಕಳು ಆಗ ನಡೆಯುತ್ತಿರುವ ಭಾಷೆಯನ್ನೇ ಆಡಬೇಕು. ಬಂದವರಿಗೆ ಅರ್ಥವಾಗದಿದ್ದರೆ ಪಕ್ಕದಲ್ಲಿ ನಿಂತ ಗೆಳತಿ ಅನುವಾದ ಮಾಡಿ ಹೇಳುತ್ತಾಳೆ. "ಇದರಿಂದ ಒಬ್ಬಳಿಗೆ ಮಾತು, ಇನ್ನೊಬ್ಬಳಿಗೆ ಅನುವಾದ, ಇಬ್ಬರಿಗೂ ಅಭ್ಯಾಸ," ಎಂದು ಮುನಿಫಾ ವಿವರಿಸಿದಾಗ ನ್ಯಾಯಿ ಚಹಾ ಕುಡಿದು ಲೋಟ ಕೆಳಗಿಟ್ಟಿದ್ದರು.

ಈ ಶುಕ್ರವಾರವೇ ಆ ಭೇಟಿಯ ದಿನ. ಮುನಿಫಾಳ ಅವ್ವ ಪೈನೆಮ್ ಬರುವವಳಿದ್ದಳು. ಬ್ಲಿತಾರ್ ಕಡೆಯ ಹಳ್ಳಿಯಲ್ಲಿ ಬೆನ್ನಿಗೆ ಬುಟ್ಟಿ ಕಟ್ಟಿಕೊಂಡು ಪೆಚೆಲ್ ಮಾರುತ್ತಾಳೆ. ಬೇಯಿಸಿದ ಸೊಪ್ಪು, ಮೇಲೆ ಕಡಲೆಕಾಯಿ ಗೊಜ್ಜು. ಆ ಬುಟ್ಟಿಯಿಂದಲೇ ಮಗಳ ಓದು ನಡೆದದ್ದು. ಗಿರಾಕಿಗಳಿಗೆ ಸೊಪ್ಪು ಬಡಿಸುತ್ತಾ ಅವಳು ಹೇಳುವುದು ಒಂದೇ ಮಾತು: "ನನ್ ಮಗ್ಳು ಅಲ್ಲಿ ಭಾಷೆಗೇ ದೊಡ್ಡೋಳು. ಯಾರ ಬಾಯಲ್ಲಿ ಏನು ಬರ್ಬೇಕು ಅಂತ ಅವಳೇ ಹೇಳೋದು." ಕೇಳಿ ಕೇಳಿ ಸಾಕಾದ ಓಣಿಯವರು, ಒಮ್ಮೆ ನೋಡಿಯೇ ಬಿಡೋಣ ಎಂದು ಈ ಸಲ ಗಾಡಿ ಮಾಡಿಕೊಂಡು ಅವಳ ಜೊತೆ ಹೊರಟಿದ್ದರು.

ಅವರೆಲ್ಲರ ಎದುರಿಗೆ ಮಗಳು ದ್ರೋಹಿಯ ಹಲಗೆ ಹಾಕಿಕೊಂಡು ನಿಲ್ಲಬೇಕೇ? ಅವ್ವನ ಮುಖ ಏನಾದೀತು? ಮಧ್ಯಾಹ್ನದೊಳಗೆ ಹಲಗೆ ದಾಟಿಸಲೇಬೇಕು ಎಂದು ಮುನಿಫಾ ತಲೆವಸ್ತ್ರ ಬಿಗಿದು ಹೊರಟಳು.

ಮೊದಲು ಬಟ್ಟೆ ಒಗೆಯುವ ಜಾಗಕ್ಕೆ ಹೋದಳು. ದೂರದಿಂದಲೇ ಗಿಜಿಗಿಜಿ ಮಾತು, ನಗು ಕೇಳಿಸುತ್ತಿತ್ತು. ಇವಳ ತಲೆ ಕಂಡದ್ದೇ ತಡ, ಎಲ್ಲ ನಿಂತಿತು. ಒಬ್ಬಳು ಸಾಬೂನು ಹಿಡಿದು ಆಕಾಶ ನೋಡಿದಳು. "ಓ ನನ್ನ ಸೋದರಿಯೇ, ಇಂದಿನ ಗಗನವು ನಿರ್ಮಲವಾಗಿದೆ."

"ಹೌದು, ನನ್ನ ಸೋದರಿಯೇ. ಮೋಡಗಳು ಗೈರುಹಾಜರಾಗಿವೆ."

"ನಿನ್ನ ಪಾಯಿಜಾಮವು ಕೂಡ ನಿರ್ಮಲವಾಗಿದೆ."

ಮಕ್ಕಳ ಅರಬ್ಬಿ ಪುಸ್ತಕದಿಂದ ನೇರವಾಗಿ ಎದ್ದು ಬಂದದ್ದು, ಇಸ್ತ್ರಿ ಇನ್ನೂ ಮುರಿದಿಲ್ಲ. ತಾನೇ ಕಲಿಸಿದ ವಾಕ್ಯಗಳು ತನ್ನನ್ನೇ ಅಣಕಿಸುತ್ತಿವೆ ಎಂದು ಮುನಿಫಾಳಿಗೆ ಮೊದಲ ಸಲ ಅನ್ನಿಸಿತು.

ಒಣಗಿದ ಬಟ್ಟೆಗಳ ಹಿಂದೆ ಅವಿತು ಕೂತಳು. ಯಾರೋ ಹಿಂಡದ ಚಾದರವೊಂದನ್ನು ಹಗ್ಗದ ಮೇಲೆ ಎಸೆದರು. ಅದು ಜಾರಿ ಅವಳ ತಲೆಯ ಮೇಲೇ ಬಿತ್ತು. ಹಲಗೆ ಅವಳ ಕೊರಳಲ್ಲಿದೆ ಎಂಬ ಸುದ್ದಿ ಅಷ್ಟರೊಳಗೆ ನಾನೂರು ಹುಡುಗಿಯರ ಕಿವಿಗೂ ಮುಟ್ಟಿತ್ತು. ಮಹಡಿಯಲ್ಲಿ ಹುಡುಗಿಯರು ಕೈಸನ್ನೆಯಲ್ಲೇ ಮಾತಾಡುತ್ತಿದ್ದರು. ಊಟದ ಮನೆಯಲ್ಲಿ ಉಪ್ಪು ಬೇಕಾದವಳು ಎದ್ದು ಹೋಗಿ ತಾನೇ ತಂದುಕೊಂಡಳು. ಮದರಸಾ ಕಟ್ಟಿದ ಲಾಗಾಯ್ತು ಅಲ್ಲಿ ಅಷ್ಟು ಮೌನ ಇದ್ದದ್ದಿಲ್ಲ.

ರೋಫಿಕಾ ಹಲ್ಲುಜ್ಜುವ ಕಡ್ಡಿ ಬಾಯಲ್ಲಿಟ್ಟುಕೊಂಡು ಬಂದಳು. ಬೇರೆಯವರ ಕಷ್ಟದಲ್ಲಿ ಸಲಹೆ ಕೊಡುವುದೆಂದರೆ ಅವಳಿಗೆ ಊಟಕ್ಕಿಂತ ಇಷ್ಟ.

"ಓ ಸೋದರಿ," ಎಂದಳು ಅರಬ್ಬಿಯಲ್ಲಿ, "ಬೆಚ್ಚಿಬಿದ್ದ ಮನುಷ್ಯನು ತನ್ನ ತಾಯಿಯ ಭಾಷೆಯಲ್ಲಿಯೇ ಅರಚುವನು. ನೀನು ಬಾಗಿಲ ಮರೆಯಲ್ಲಿ ನಿಂತು ಯಾರನ್ನಾದರೂ ಬೆಚ್ಚಿಸತಕ್ಕದ್ದು."

"ಇದು ನಿನ್ನ ಬೋಧನಾ ವಿಧಾನವೋ?"

"ಅಲ್ಲ. ಇದು ನಿನ್ನ ವಿಧಾನಕ್ಕೆ ನನ್ನ ಸಹಾಯ."

ಬೇರೆ ಉಪಾಯ ಹೊಳೆಯದೆ ಮುನಿಫಾ ಅಡುಗೆಮನೆಯ ಬಾಗಿಲ ಹಿಂದೆ ನಿಂತಳು. ಹಿಲ್ಮಾ ಬಿಸಿನೀರಿಗೆ ಬರುವ ಹೊತ್ತು. ಹೆಜ್ಜೆ ಸಪ್ಪಳ ಕೇಳಿಸಿತು. ಮುನಿಫಾ ಉಸಿರು ಬಿಗಿಹಿಡಿದು, ಎರಡೂ ಕೈ ಎತ್ತಿ, "ಭೋ!" ಎಂದು ಹಾರಿದಳು.

ಬಂದದ್ದು ಹಿಲ್ಮಾ ಅಲ್ಲ. ಅಡುಗೆಯ ತುಮಿ ಅಜ್ಜಿ. ಕೈಯಲ್ಲಿ ಒಂದು ಬೋಗುಣಿ ಕಡಲೆಕಾಯಿ ಗೊಜ್ಜು. ತುಮಿ ಅಜ್ಜಿ ಬೆಚ್ಚಿದರೆ ಸಾಕು, ಬಾಯಿಗೆ ಬಂದದ್ದೆಲ್ಲ ತಡೆಯಿಲ್ಲದೆ ಹೊರಗೆ ಬೀಳುತ್ತದೆ, ಎದುರಿನವರು ಮಾಡಿದ್ದನ್ನೇ ಕೈಯೂ ಮಾಡುತ್ತದೆ. ನಮ್ಮ ಕಡೆ ಎಷ್ಟೋ ಅಜ್ಜಿಯರಿಗೆ ಹೀಗಾಗುತ್ತದೆ.

"ಭೋ! ಭೋ ಭೋ ಬೋಗುಣಿ! ಬೋಗುಣಿ ಬಿತ್ತು, ಮಾವ ಬಿದ್ದ, ಹುಂಜ ಬಿತ್ತು, ಹುಂಜನ್ ಕಾಲು, ಹುಂಜನ್ ಕಾಲು!" ಎನ್ನುತ್ತಾ ಅಜ್ಜಿಯೂ ಎರಡೂ ಕೈ ಎತ್ತಿದಳು. ಬೋಗುಣಿ ಮುನಿಫಾಳ ಮುಖದಿಂದ ಹಲಗೆಯ ಮೇಲೆ, ಹಲಗೆಯಿಂದ ನೆಲದ ಮೇಲೆ ಮಗುಚಿತು.

ಅರ್ಧ ಮದರಸಾ ಓಡಿ ಬಂತು. ನಕ್ಕರು, ಹೊಟ್ಟೆ ಹಿಡಿದುಕೊಂಡು ನಕ್ಕರು. ಒಬ್ಬಳಾದರೂ ಒಂದು ಮಾತು ಆಡಲಿ ಎಂದು ಮುನಿಫಾ ಗೊಜ್ಜಿನ ಮುಖದಲ್ಲೇ ಕಿವಿ ನಿಮಿರಿಸಿ ನಿಂತಳು. ನಗುವಿಗೆ ಮಾತ್ರ ಯಾವ ಭಾಷೆಯೂ ಬೇಕಾಗಲಿಲ್ಲ. ತುಮಿ ಅಜ್ಜಿಯ ಬಾಯಿಂದ ಜಾವಾ ಭಾಷೆ ಧಾರಾಳವಾಗಿ ಹರಿಯುತ್ತಿತ್ತು ನಿಜ. ಆದರೆ ಆರನೆಯ ನಿಯಮದ ಪ್ರಕಾರ ಅಡುಗೆಯವರಿಗೆ ವಿನಾಯಿತಿ. ಅನ್ನ ನಿಂತೀತೆಂಬ ಹೆದರಿಕೆಗೆ ಮುನಿಫಾಳೇ ಬರೆದದ್ದು.

"ಯಾಕ್ ಮಗಾ, ಉಪಾಸ ಗಿಪಾಸ ಮಾಡ್ತಿದೀಯಾ?" ಎಂದು ಸುಧಾರಿಸಿಕೊಂಡ ಅಜ್ಜಿ ತನ್ನ ಶಾಲಿನಿಂದಲೇ ಅವಳ ಗಲ್ಲ ಒರೆಸಿದಳು. "ತಲೆ ನೆಟ್ಟಗಿಲ್ಲ ನಿಂದು. ಹೋಗು, ತೊಳ್ಕೋ ಹೋಗು."

ಮುನಿಫಾ ಹಿತ್ತಲಿನ ನೀರಿನ ತೊಟ್ಟಿಗೆ ಹೋದಳು. ಹಲಗೆ ತೊಳೆಯುತ್ತಿದ್ದಾಗ ತೊಟ್ಟಿಯ ಆಚೆ ಬದಿಯಿಂದ ಸಣ್ಣ ದನಿಯೊಂದು ಕೇಳಿಸಿತು. ಅಪ್ಪಟ ಜಾವಾ ಭಾಷೆ! ಅವಳ ಎದೆ ಹಾರಿತು. ಮೆಲ್ಲಗೆ ಬಗ್ಗಿ ನೋಡಿದಳು.

ಏಳನೆಯ ತರಗತಿಯ ಲಾರಸ್. ಸೇರಿ ಮೂರು ತಿಂಗಳಾಗಿದೆ. ಕುಕ್ಕರಗಾಲಲ್ಲಿ ಕೂತು, ಅಡುಗೆಮನೆಯ ಕೆಂಚು ಬೆಕ್ಕಿನ ಬೆನ್ನು ಸವರುತ್ತಿದ್ದಳು.

"ಇವತ್ತು ಅಮ್ಮ ಬರ್ತಾಳೆ ಬೆಕ್ಕೇ," ಎನ್ನುತ್ತಿದ್ದಳು. "ಬಂದ್ರೂ ಏನು ಪ್ರಯೋಜ್ನ? ಹೋದ್ ತಿಂಗ್ಳು ನಂಗೆ ಹೊಟ್ಟೆನೋವು ಅಂತ ಹೇಳ್ಬೇಕಿತ್ತು. ಹೊಟ್ಟೆನೋವಿಗೆ ಅರಬ್ಬಿಲಿ ಏನಂತಾರೆ ಅಂತ ಗೊತ್ತಾಗ್ಲಿಲ್ಲ. ನನ್ನ ಸ್ಥಿತಿಯು ಉತ್ತಮವಾಗಿದೆ ಅಂದ್ಬಿಟ್ಟೆ. ಅಮ್ಮ ನಕ್ಕೊಂಡು ಹೋದ್ಲು. ನೀನಾದ್ರೂ ಹೇಳು ಅವಳ್ಗೆ, ನಾನು ಮನೆಗೆ ಬರ್ತೀನಿ ಅಂತ."

ಮುನಿಫಾಳ ಕೈ ಆಗಲೇ ಹಲಗೆಯ ದಾರವನ್ನು ತಲೆಯವರೆಗೆ ಎತ್ತಿತ್ತು. ಒಂದೇ ಹೆಜ್ಜೆ. ದಾಟಿಸಿದರೆ ಮುಗಿಯಿತು, ಅವ್ವನ ಮುಂದೆ ಬರಿಯ ಕೊರಳಲ್ಲಿ ನಿಲ್ಲಬಹುದು. ಬೆಕ್ಕಿನ ಜೊತೆ ಆಡಿದ್ದೂ ಮಾತೇ. ಹತ್ತನೆಯ ನಿಯಮ ನೋಡಿ.

ಲಾರಸ್ ತಲೆ ಎತ್ತಿದಳು. ಹಲಗೆ ಕಂಡಳು. ಮುಖ ಬೆಳ್ಳಗಾಯಿತು. ತುಟಿ ಕಚ್ಚಿ, ಕೊರಳನ್ನು ತಾನೇ ಮುಂದಕ್ಕೆ ಚಾಚಿದಳು.

ಆ ಸಣ್ಣ ಕೊರಳು ನೋಡಿ ಮುನಿಫಾಳಿಗೆ ತನ್ನ ಮೇಲೆ ತನಗೇ ನಾಚಿಕೆಯಾಯಿತು. ಅವಳು ದಾರವನ್ನು ಮತ್ತೆ ತನ್ನ ಕೊರಳಿಗೇ ಇಳಿಸಿಕೊಂಡಳು. ಮಗುವಿನ ಪಕ್ಕದಲ್ಲಿ ಕೂತು ತಾನೂ ಬೆಕ್ಕಿನ ಬೆನ್ನು ಸವರಿದಳು. ಆಮೇಲೆ ಹೊಟ್ಟೆನೋವಿಗೆ ಅರಬ್ಬಿಯಲ್ಲಿ ಏನೆನ್ನುತ್ತಾರೆಂದು ಮೆಲ್ಲಗೆ ಮೂರು ಸಲ ಹೇಳಿಕೊಟ್ಟಳು. ಅಷ್ಟರಲ್ಲಿ ಗೇಟಿನ ಕಡೆ ಗಾಡಿಯ ಹಾರ್ನು ಕೇಳಿಸಿತು.

ಬಂದರು. ಮಧ್ಯಾಹ್ನಕ್ಕೆ ಬರಬೇಕಾದವರು ಹನ್ನೊಂದಕ್ಕೇ ಬಂದರು. ಜೈನುರಿ ಮಾವನ ಪಿಕಪ್ಪು ಗಾಡಿಯ ಹಿಂದೆ ಚಾಪೆ ಹಾಸಿಕೊಂಡು ಹನ್ನೊಂದು ಜನ, ಎರಡು ಬುಟ್ಟಿ, ಒಂದು ಬಾಳೆಗೊನೆ. ಮೊದಲು ಇಳಿದವಳು ಪೈನೆಮ್. ಮದುವೆಗೆ ಉಡುವ ಬಾಟಿಕ್ ಬಟ್ಟೆ ಸುತ್ತಿದ್ದಳು. ಅವಳ ಹಿಂದೆ ಪಕ್ಕದ ಮನೆಯ ಸಾರ್ಮಿಯಕ್ಕ.

ಓಡಿ ಅವಿತುಕೊಳ್ಳೋಣವೆಂದರೆ ಪೈನೆಮ್ ಆಗಲೇ ಕಂಡುಬಿಟ್ಟಿದ್ದಳು. "ಅಗೋ! ಅಗೋ ನನ್ ಇಫಾ!"

ಭೇಟಿಯ ಪಡಸಾಲೆಯಲ್ಲಿ ಎಲ್ಲರೂ ಸುತ್ತ ಕೂತರು. ಅಕ್ಕಪಕ್ಕದಲ್ಲಿ ಬೇರೆ ಹುಡುಗಿಯರೂ ತಮ್ಮ ತಮ್ಮವರ ಜೊತೆ ಕೂತು, ಉಸ್ತಾಜಾ ಈಗ ಏನು ಮಾಡುತ್ತಾಳೆಂದು ಓರೆಗಣ್ಣಿನಿಂದ ನೋಡುತ್ತಿದ್ದರು. ಅನುವಾದಕ್ಕೆ ರೋಫಿಕಾ ಕರೆಯದೆಯೇ ಬಂದು ಕೂತಿದ್ದಳು.

"ಏನೇ ಇಫಾ, ಇಷ್ಟು ಸೊರಗಿದ್ದೀಯಾ? ಊಟ ಮಾಡ್ತೀಯೋ ಇಲ್ಲ ಬರೀ ಪಾಠನೇ ಮಾಡ್ತೀಯೋ?"

ಮುನಿಫಾ ಗಂಟಲು ಸರಿಮಾಡಿಕೊಂಡಳು. "ಓ ನನ್ನ ಪೂಜ್ಯ ತಾಯಿಯೇ, ತಮ್ಮ ಆಗಮನದಿಂದ ನನ್ನ ಹೃದಯವು ವಿಕಸಿತವಾಗಿದೆ."

ಪೈನೆಮ್ ರೋಫಿಕಾಳ ಮುಖ ನೋಡಿದಳು. "ಏನಂದ್ಲಮ್ಮಾ?"

"ಚೆನ್ನಾಗಿದೀನಿ ಅಂತಾಳೆ."

"ಅಷ್ಟುದ್ದ ಹೇಳಿದ್ಲಲ್ಲ?"

"ಅರಬ್ಬಿ ಹಂಗೇ ಅಮ್ಮಾ, ಸ್ವಲ್ಪ ಉದ್ದ ಬರುತ್ತೆ."

ಮುನಿಫಾಳ ಕಿವಿ ನೆಟ್ಟಗಾಯಿತು. ಅನುವಾದಕಿ ಅನುವಾದವನ್ನಷ್ಟೇ ಹೇಳಬೇಕು, ಸ್ವಂತ ಮಾತು ಸೇರಿಸುವಂತಿಲ್ಲ. ರೋಫಿಕಾ ಸಿಕ್ಕಿಬಿದ್ದಿದ್ದಳು! ಆದರೆ ಈಗ ಅವಳಿಗೆ ಹಲಗೆ ದಾಟಿಸಬೇಕೆಂದರೆ ಹಲಗೆ ಏನೆಂದು ಅವ್ವನ ಎದುರಿಗೇ ಬಾಯಿ ಬಿಡಬೇಕು. ಬೆಳಗಿನಿಂದ ಹುಡುಕಿದ ಬೇಟೆ ಕಾಲ ಬುಡದಲ್ಲೇ ಕೂತು ಬಾಳೆಹಣ್ಣು ಸುಲಿಯುತ್ತಿದ್ದರೂ ಅವಳು ಸುಮ್ಮನಿರಬೇಕಾಯಿತು.

"ಇದೇನಮ್ಮಾ ಕೊರಳಲ್ಲಿ?" ಎಂದ ಜೈನುರಿ ಮಾವ.

ಪಡಸಾಲೆಯ ಹುಡುಗಿಯರೆಲ್ಲ ಇತ್ತ ತಿರುಗಿದರು.

ಪೈನೆಮ್ ಹತ್ತಿರ ಸರಿದು ಹಲಗೆಯನ್ನು ಅಂಗೈಯಲ್ಲಿ ಹಿಡಿದಳು. ಒಂದೊಂದೇ ಅಕ್ಷರದ ಮೇಲೆ ಬೆರಳಾಡಿಸಿ, ತುಟಿ ಅಲ್ಲಾಡಿಸುತ್ತಾ ಕೂಡಿಸಿ ಓದಿದಳು. ಓದಲು ಅವಳಿಗೆ ಬರುತ್ತದೆ, ಅರ್ಥ ಗೊತ್ತಿಲ್ಲ. ದಿನಾ ಸಂಜೆ ಭಕ್ತಿಯಿಂದ ಕುರಾನು ಓದುವ ನಮ್ಮಲ್ಲಿ ಬಹಳ ಜನರ ಕತೆ ಇದೇ. ಅಕ್ಷರ ಅರಬ್ಬಿಯಾದರೆ ಸಾಕು, ಕೈ ತಾನಾಗಿ ಎದೆಗೆ ಹೋಗುತ್ತದೆ.

"ಎಷ್ಟು ದುಂಡಗಿದೆ ನೋಡಿ," ಎಂದು ಅವಳು ಹಲಗೆ ಮುಟ್ಟಿದ ಬೆರಳನ್ನು ಕಣ್ಣಿಗೊತ್ತಿಕೊಂಡಳು. "ಬಿರುದಾ ಇದು?"

ರೋಫಿಕಾಳೇ ಬಾಳೆಹಣ್ಣು ನುಂಗಿ, "ಭಾಷೆಗೆ ಸಂಬಂಧಪಟ್ಟಿದ್ದು," ಎಂದಳು. ಅದು ಸುಳ್ಳೇನಲ್ಲ.

"ನಾ ಹೇಳ್ಲಿಲ್ವಾ?" ಪೈನೆಮ್ ಓಣಿಯವರ ಕಡೆ ತಿರುಗಿದಳು. "ಭಾಷೆಗೇ ದೊಡ್ಡೋಳು ಅಂತ?"

ಆಮೇಲೆ ತಡೆಯುವವರು ಯಾರು? ಓಣಿಯವರು ಸರದಿಯಲ್ಲಿ ಬಂದು ಮುನಿಫಾಳ ಪಕ್ಕ ನಿಂತು, ಹಲಗೆ ಕಾಣುವ ಹಾಗೆ ಫೋಟೋ ತೆಗೆಸಿಕೊಂಡರು. ಜೈನುರಿ ಮಾವ ಒಂದು ನಿಮಿಷ ಅದನ್ನು ತಾನೇ ಹಾಕಿಕೊಂಡು, ಎದೆ ಉಬ್ಬಿಸಿ ಒಂದು ಫೋಟೋ ತೆಗೆಸಿಕೊಂಡ. ‘ನಾನು ಭಾಷೆಗೆ ದ್ರೋಹ ಮಾಡಿದವಳು’ ಅವನ ಮೀಸೆಯ ಕೆಳಗೆ ಹಸಿರಾಗಿ ಹೊಳೆಯಿತು. ಸುತ್ತಲಿನ ಹುಡುಗಿಯರು ತಲೆವಸ್ತ್ರದ ಅಂಚು ಬಾಯಿಗೆ ತುರುಕಿಕೊಂಡರು. ಸಾರ್ಮಿಯಕ್ಕ ಮಾತ್ರ ಫೋಟೋಕ್ಕೆ ನಿಲ್ಲಲಿಲ್ಲ. ಹಲಗೆಯನ್ನು ಒಮ್ಮೆ ಕಣ್ಣು ಕಿರಿದು ಮಾಡಿ ನೋಡಿ, ಪೈನೆಮ್ಮಳ ಕಿವಿಯಲ್ಲಿ ಏನೋ ಪಿಸುಗುಟ್ಟಿದಳು. ಬುತ್ತಿ ಬಿಚ್ಚೋಣ ಎಂದಿರಬೇಕು.

ಬುತ್ತಿ ಬಿಚ್ಚಿದರು. ಊಟವಾಯಿತು. ನ್ಯಾಯಿ ಎಲ್ಲರನ್ನೂ ಮಾತಾಡಿಸುತ್ತಾ ಇವರ ಹತ್ತಿರವೂ ಬಂದರು. ಅತಿಥಿಗಳ ಜೊತೆ ಅವರು ಜಾವಾ ಭಾಷೆಯನ್ನೇ ಆಡುತ್ತಾರೆ. ಅವರಿಗೆ ನಿಯಮ ತೋರಿಸುವ ಧೈರ್ಯ ಮುನಿಫಾಳಿಗೂ ಇರಲಿಲ್ಲ.

ಪೈನೆಮ್ ಸೊಂಟ ಬಗ್ಗಿಸಿ ಕೈಮುಗಿದಳು. "ನ್ಯಾಯಿಯವ್ರೇ, ಒಂದ್ ಮಾತು ಕೇಳ್ತೀನಿ, ತಪ್ಪು ತಿಳೀಬೇಡಿ. ಈ ಬಿರುದು ನಾನು ತಗೊಂಡು ಹೋಗ್ಲಾ? ಬಾಗಿಲ್ ಮೇಲೆ ಹಾಕ್ತೀನಿ. ಹೋಗೋರು ಬರೋರು ನೋಡ್ಲಿ."

ನ್ಯಾಯಿ ಹಲಗೆ ನೋಡಿದರು. ಮುನಿಫಾಳ ಬೆವೆತ ಮುಖ ನೋಡಿದರು. ಕೊನೆಗೆ ಆ ತಾಯಿಯ ಕಣ್ಣನ್ನು ಸ್ವಲ್ಪ ಹೆಚ್ಚು ಹೊತ್ತೇ ನೋಡಿದರು.

"ನಿಮ್ ಮಗಳ ಕೊರಳಲ್ಲಿರೋದು ನಿಮ್ದೇ ಅಲ್ವೇನಮ್ಮಾ," ಎಂದರು. "ತಗೊಂಡ್ ಹೋಗಿ."

ಮುನಿಫಾಳ ಜೀವ ಬಾಯಿಗೆ ಬಂತು. ಹನ್ನೊಂದನೆಯ ನಿಯಮದ ಪ್ರಕಾರ ಹಲಗೆ ಕಳೆದವಳು ಹೊಸದನ್ನು ತಾನೇ ಮಾಡಿ ಒಂದು ವಾರ ಹಾಕಿಕೊಳ್ಳಬೇಕು. ಬೇಡ ಎನ್ನಲು ಕೈ ಎತ್ತಿದಳು. ಅಷ್ಟರಲ್ಲಿ ಅವ್ವ ದಾರವನ್ನು ತಲೆಯ ಮೇಲಿಂದ ತೆಗೆದು, ಹಲಗೆಯನ್ನು ತನ್ನ ಶಾಲಿನಲ್ಲಿ ಸುತ್ತಿ ಬುಟ್ಟಿಯ ತಳಕ್ಕೆ ಸೇರಿಸಿಯಾಗಿತ್ತು.

ಹೊರಡುವಾಗ ಪೈನೆಮ್ ಮಗಳ ಗಲ್ಲ ಹಿಡಿದು ನಿಂತಳು. ಮುನಿಫಾಳಿಗೆ ಹೇಳಲು ನೂರು ಮಾತಿದ್ದವು. ಪಕ್ಕದಲ್ಲಿ ಲಾರಸ್, ಹಿಲ್ಮಾ ಎಲ್ಲರೂ ನೋಡುತ್ತಿದ್ದರು. ಈ ನಿಯಮ ಇವರಿಗೆ ಇದ್ದ ಮೇಲೆ ತನಗೂ ಇದೆ. ಬಾಯಿಂದ ಬಂದದ್ದು ಅರಬ್ಬಿಯೇ.

"ಓ ನನ್ನ ತಾಯಿಯೇ, ತಮ್ಮ ಬೆನ್ನ ಮೇಲಿನ ಬುಟ್ಟಿಯ ಭಾರವನ್ನು ನಾನು ಒಂದು ದಿನವೂ ಮರೆತಿಲ್ಲ."

"ಏನಂತೆ?" ಎಂದಳು ಪೈನೆಮ್.

ರೋಫಿಕಾಳ ಬಾಯಿ ತುಂಬ ಪೆಚೆಲ್ ಇತ್ತು. "ಹುಷಾರಾಗಿ ಹೋಗ್ಬಾ ಅಂತಾಳೆ."

"ಹ್ಞೂಂ," ಎಂದಳು ಪೈನೆಮ್. ಗಾಡಿ ಹೊರಟಿತು. ಅದು ಬಿದಿರುಮೆಳೆಯ ತಿರುವಿನಲ್ಲಿ ಕಣ್ಮರೆಯಾಗುವವರೆಗೂ ಮುನಿಫಾ ಗೇಟಿನ ಕಂಬ ಹಿಡಿದುಕೊಂಡು ನಿಂತಿದ್ದಳು. ಮಾನ ಉಳಿದಿತ್ತು. ಆದರೂ ಏನೋ ಕಳೆದುಕೊಂಡ ಹಾಗೆ ಅಳು ಬರುತ್ತಿತ್ತು.

ಸೂರ್ಯ ಮುಳುಗಿದ. ನಮಾಜಿನ ನಂತರ ನಾನೂರು ಹುಡುಗಿಯರು ಸಾಲಾಗಿ ಕೂತರು. ಮುನಿಫಾ ಎದುರಿಗೆ ಬಂದು ನಿಂತಳು. ಹಲಗೆಯಿಲ್ಲ, ಆದರೆ ತಪ್ಪು ಅವಳ ಹೆಸರಿನಲ್ಲೇ ಇತ್ತು.

"ಬೆಳಿಗ್ಗೆ ನಾನು ಒಂದು ತಪ್ಪು ಮಾಡಿದೆ," ಎಂದಳು ಅರಬ್ಬಿಯಲ್ಲಿ. ಈ ಸಲ ಪುಸ್ತಕದ ವಾಕ್ಯಗಳು ನೆನಪಿಗೆ ಬರಲಿಲ್ಲ, ತಡವರಿಸುತ್ತಾ ತನ್ನವೇ ಮಾತು ಕಟ್ಟಿದಳು. "ಅದು ಸಣ್ಣದು. ದೊಡ್ಡದು ಒಂಬತ್ತನೆಯ ನಿಯಮ. ಇವತ್ತು ನನ್ನ ತಾಯಿ ಬಂದಿದ್ದರು. ನಾನು ಅವರ ಜೊತೆ ಒಂದು ಮಾತನ್ನೂ ಆಡಲಿಲ್ಲ. ನಿಮಗೂ ನಾನು ಇದನ್ನೇ ಮಾಡಿದೆ. ಭಾಷೆ ಕಲಿಸುವವಳು ಮಾತು ಕಿತ್ತುಕೊಳ್ಳಬಾರದು. ನನ್ನನ್ನು ಕ್ಷಮಿಸಿ."

ಮುಂದಿನ ಸಾಲಿನಲ್ಲಿ ಲಾರಸ್ ಅಳುತ್ತಿದ್ದಳು. ಅವಳೊಬ್ಬಳೇ ಅಲ್ಲ. ನ್ಯಾಯಿ ಕೋಲೂರಿಕೊಂಡು ಎದ್ದರು. ಒಂಬತ್ತನೆಯ ನಿಯಮ ಇಂದಿಗೆ ಮುಗಿಯಿತು, ಹಲಗೆಯನ್ನು ತಾವೇ ಕೊಟ್ಟು ಕಳಿಸಿದ್ದರಿಂದ ಮುನಿಫಾಳ ಲೆಕ್ಕವೂ ಮುಗಿಯಿತು, ಉಳಿದ ನಿಯಮಗಳು ಹಾಗೆಯೇ ನಡೆಯಲಿ ಎಂದರು. ಹೊಸ ಹಲಗೆ ಮಾಡುವ ಕೆಲಸವನ್ನು ರೋಫಿಕಾ ಯಾರೂ ಹೇಳದೆಯೇ ಸಂಜೆಗೇ ಮುಗಿಸಿದ್ದಳು. ಅದು ಜಗುಲಿಯ ಮೇಲೆ ಒಣಗುತ್ತಿತ್ತು.

ಮುನಿಫಾಳ ಕೊರಳು ಹಗುರಾಯಿತು. ಊಟದ ಗಂಟೆಗೆ ಇನ್ನೂ ಹತ್ತು ನಿಮಿಷವಿತ್ತು. ಅವಳು ಅಂಗಳಕ್ಕೆ ಇಳಿದಾಗ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಅವ್ವ. ಫೋನಿಗೂ ವಿನಾಯಿತಿ ಇಲ್ಲ, ಅದು ಮೂರನೆಯ ನಿಯಮ. ಗೇಟಿನಾಚೆ ಹೋಗಿ ಮಾತಾಡೋಣವೆಂದು ಫೋನು ಕಿವಿಗಿಟ್ಟುಕೊಂಡು ಬಿರಬಿರನೆ ನಡೆದಳು.

"ಇಫಾ, ನೀನೇನೂ ಮಾತಾಡ್ಬೇಡ, ಬರೀ ಕೇಳು," ಎಂದಳು ಪೈನೆಮ್. "ಮನೆ ಮುಟ್ಟಿದ್ವಿ. ನಿನ್ ಹಲಗೆ ಒಲೆಗೆ ಹಾಕ್ದೆ. ಚೆನ್ನಾಗ್ ಉರೀತು, ಎಲ್ರೂ ಒಂದೊಂದ್ ಲೋಟ ಕಾಫಿ ಕುಡಿದ್ವಿ."

ಮುನಿಫಾ ನಿಂತುಬಿಟ್ಟಳು.

"ಸಾರ್ಮಿ ಜೆದ್ದಾದಲ್ಲಿ ಒಂಬತ್ ವರ್ಷ ಮನೆಗೆಲಸ ಮಾಡಿದೋಳು ಕಣೇ. ಆ ಮನೆ ಮಕ್ಕಳ ಪಾಠನೂ ಅವಳೇ ನೋಡ್ಕೋತಿದ್ಲಂತೆ. ನೋಡಿದ್ ತಕ್ಷಣ ನನ್ ಕಿವೀಲಿ ಹೇಳಿದ್ಲು, ಇದು ಬಿರುದಲ್ಲ ಅಂತ. ದೇವ್ರ ಮಾತೇನಾದ್ರೂ ಇದೆಯಾ ಅದ್ರಲ್ಲಿ ಅಂದೆ. ಇಲ್ಲ, ಬರೀ ಮನುಷ್ಯರ ಕೊಂಕು ಅಂದ್ಲು. ಹಂಗಾದ್ರೆ ನನ್ ಮಗಳ ಕೊರಳಲ್ಲಿ ಅದು ಯಾಕಿರ್ಬೇಕು? ಬಿಟ್ ಬರೋಕೆ ಮನಸ್ಸಾಗ್ಲಿಲ್ಲ. ಪೆದ್ದಿ ಹಂಗೆ ನಟನೆ ಮಾಡಿ ಕಿತ್ಕೊಂಡ್ ಬಂದೆ. ಜೈನುರಿಗೆ ಹೇಳಿಲ್ಲ, ಪಾಪ, ಫೋಟೋ ಎಲ್ರಿಗೂ ಕಳಿಸ್ತಾ ಇದಾನೆ."

ಗೇಟಿಗೆ ಇನ್ನು ಹತ್ತು ಹೆಜ್ಜೆ.

"ಇನ್ನೊಂದು," ಅವ್ವನ ದನಿ ಸಣ್ಣದಾಯಿತು. "ಹೊರಡ್ವಾಗ ನೀನು ಹೇಳಿದ್ದು ಹುಷಾರಾಗ್ ಹೋಗು ಅಂತ ಅಲ್ವಂತೆ. ನಿಜ್ವಾಗಿ ಏನಂದೆ ಅಂತ ಸಾರ್ಮಿ ದಾರೀಲಿ ಹೇಳಿದ್ಲು. ನಾಲ್ಕ್ ಸಲ ಹೇಳಿಸ್ಕೊಂಡೆ ಕಣೇ."

ಗೇಟು ದಾಟಿದ್ದರೆ ಆಗುತ್ತಿತ್ತು. ಹತ್ತೇ ಹೆಜ್ಜೆ. ಮುನಿಫಾಳಿಗೆ ತಡೆಯಲಾಗಲಿಲ್ಲ.

"ಅವ್ವಾ!" ಎಂದಳು. ನಟ್ಟನಡು ಅಂಗಳದಲ್ಲಿ, ಗಟ್ಟಿಯಾಗಿ, ಅಪ್ಪಟ ಸಂತೆಯ ಭಾಷೆಯಲ್ಲಿ. "ಅವ್ವಾ, ಇನ್ನೊಂಚೂರು ಹೊತ್ತು ಇರ್ಬೇಕಿತ್ತು ಕಣವ್ವಾ ನೀನು. ಪೆಚೆಲ್ ಎಷ್ಟ್ ಚೆನ್ನಾಗಿತ್ತು. ನಿನ್ ಪಕ್ಕದಲ್ಲಿ ಕೂತ್ರೂ ನಿನ್ ಜೊತೆ ಮಾತಾಡ್ದಂಗೆ ಆಯ್ತಲ್ಲವ್ವಾ..."

ಕಿಟಕಿಗಳೆಲ್ಲ ತೆರೆದುಕೊಂಡವು. ಜಗುಲಿಯಿಂದ ರೋಫಿಕಾ ಹೊಸ ಹಲಗೆಯನ್ನು ಎರಡೂ ಕೈಯಲ್ಲಿ ಹಿಡಿದು, ಬಣ್ಣ ತಾಗದ ಹಾಗೆ ಜೋಪಾನವಾಗಿ ಓಡಿಬಂದಳು. ಹಿಂದೆ ಹುಡುಗಿಯರ ಹಿಂಡು. ಮುನಿಫಾ ಫೋನು ಬಿಡದೆ, ಕಣ್ಣು ಒರೆಸಿಕೊಳ್ಳುತ್ತಾ, ತಲೆ ಬಗ್ಗಿಸಿ ಕೊರಳು ಕೊಟ್ಟಳು.

"ಏನೇ ಅದು ಗದ್ದಲ?" ಎಂದಳು ಪೈನೆಮ್.

"ಏನಿಲ್ಲವ್ವಾ. ಇನ್ನೊಂದ್ ಬಿರುದು ಕೊಡ್ತಿದಾರೆ."

ಆ ಕಡೆ ಲೋಟ ಕೆಳಗಿಟ್ಟ ಸದ್ದು ಕೇಳಿಸಿತು.

"ಬಣ್ಣ ಒಣಗಿದೆಯೇನೇ?"

"ಇಲ್ಲ, ಹಸಿ."

"ಹಾಗಾದ್ರೆ ಈಗ್ಲೇ ಬೇಡ, ಮುಂದಿನ್ ತಿಂಗ್ಳು ಬಂದು ತಗೊಂಡ್ ಹೋಗ್ತೀನಿ," ಎಂದಳು ಅವ್ವ. "ಹಸೀದು ಒಲೇಲಿ ಹೊಗೆ ಬರುತ್ತೆ."